ಟೀವಿ ರಿಪೇರಿಯವರ ಹುಬ್ಬು

ನಮ್ಮಲ್ಲಿ ಸತ್ತವರ ಹುಬ್ಬು ತೀಡುವ ಪದ್ಧತಿ ಇಲ್ಲ. ಆದರೂ ಆ ಮಂಗಳವಾರ ಬೆಳಿಗ್ಗೆ ನಾನು ಒಬ್ಬರ ಹುಬ್ಬು ತೀಡಿದೆ. ಹಿಂದಿನ ಸಂಜೆ ಅವರು ಅಂಗಡಿಯಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದರು. ಜತ್ತಿನ ದವಾಖಾನೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ಮೈ ತೊಳೆದು, ವಿಭೂತಿ ಹಚ್ಚಿ, ಹೊಸ ರುಮಾಲು ಸುತ್ತಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ತೊಳೆದ ನೀರಿನಲ್ಲಿ ಹುಬ್ಬೂ ಹೋಗಿತ್ತು. ನೋಡಲು ಬಂದವರು ಮುಖ ನೋಡಿ ಬೇರೆ ಕಡೆ ತಿರುಗುತ್ತಿದ್ದರು. ನನ್ನ ಅವ್ವ ಕಾಡಿಗೆ ಡಬ್ಬಿ ತಂದು ನನ್ನ ಕೈಗಿಟ್ಟಳು. "ಹಿಂಗ ಕಳಸೂದ ಬ್ಯಾಡ. ನಿನಗ ಚಿತ್ರಾ ತಗ್ಯಾಕ ಬರತೈತಲ್ಲ, ಲಗೂನ ತೀಡು."

ಬಲಗಡೆಯದು ಸರಿ ಬಂತು. ಎಡಗಡೆಯದು ತುಸು ಮೇಲಾಯಿತು. ಅಳಿಸಿ ಮತ್ತೆ ತೀಡಲು ಕೈ ಏಳಲಿಲ್ಲ.

ಮರಾಠಿ ಸೀಮೆಯ ಅಂಚಿನ ನಮ್ಮ ಬಾಲಗಾಂವದಲ್ಲಿ ನನ್ನ ಝೆರಾಕ್ಸ್ ಅಂಗಡಿಗೂ ಅವರ ಟೀವಿ ರಿಪೇರಿ ಅಂಗಡಿಗೂ ನಡುವೆ ಇದ್ದದ್ದು ಒಂದು ತಗಡಿನ ಗೋಡೆ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಹೆಸರು ಬರೆಯುವುದಿಲ್ಲ. ಆ ಹೆಸರು ಹಿಡಿದು ನಕ್ಕವರು ಈಗಾಗಲೇ ಸಾಕಷ್ಟು ಮಂದಿ ಇದ್ದಾರೆ. ನನಗೆ ಡೈರಿ ಬರೆಯುವ ಚಟ. ಯಾವ ದಿನ ಕರೆಂಟ್ ಎಷ್ಟು ಹೊತ್ತಿಗೆ ಹೋಯಿತು, ಯಾರು ಬಂದರು, ಎಷ್ಟು ಪ್ರತಿ ತೆಗೆದೆ, ಎಲ್ಲ ಬರೆದಿಡುತ್ತೇನೆ. ಅದಕ್ಕೆ ಅವರು ನನ್ನನ್ನು "ಡೈರಿ ಬಾಯಿ" ಎಂದು ಕರೆಯುತ್ತಿದ್ದರು. "ಡೈರಿ ಬಾಯಿ, ಇವತ್ತ ನಾ ಎಷ್ಟ ಸಲ ಸೀನಿದೆ, ಬರಕೊಂಡೇನು?"

ಅವರ ಊರು ಕುಣಿಕೋಣೂರ. ಅಲ್ಲಿ ಅಣ್ಣನ ಸಂಸಾರ ಇತ್ತು. ಇವರು ಒಬ್ಬರೇ ಇಲ್ಲಿ ಅಂಗಡಿಯ ಹಿಂದಿನ ಖೋಲಿಯಲ್ಲಿ ಇರುತ್ತಿದ್ದರು. ಇಪ್ಪತ್ತರ ವಯಸ್ಸಿನ ಆಸುಪಾಸಿನಲ್ಲಿ ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಯೊಳಗೆ ತಲೆಗೂದಲು, ಹುಬ್ಬು, ರೆಪ್ಪೆ, ಮೀಸೆ ಎಲ್ಲ ಉದುರಿದ್ದವಂತೆ. ಮಿರಜಿನ ಡಾಕ್ಟರು ನೋವಿಲ್ಲ, ಅಪಾಯ ಇಲ್ಲ, ಔಷಧವೂ ಇಲ್ಲ ಎಂದರಂತೆ. ಕಾಕಾ ಹೇಳುತ್ತಿದ್ದದ್ದು ಹೀಗೆ: "ನನ್ನ ಮೈಗೆ ನನ್ನ ಕೂದಲಾ ಒಗ್ಗವಲ್ದಂತ. ಮದಿವಿ ಸೋಯರಿಕಿ ಮುರದಂಗ ಮುರಕೊಂಡ ಹೋತು."

ದಿನಾ ಬೆಳಿಗ್ಗೆ ಶಟರ್ ಎತ್ತುವ ಮೊದಲು, ಬಿಚ್ಚಿಟ್ಟ ಟೀವಿಯ ಕಪ್ಪು ಗಾಜಿನಲ್ಲಿ ಮುಖ ನೋಡಿಕೊಂಡು ಹುಬ್ಬು ತೀಡಿಕೊಳ್ಳುತ್ತಿದ್ದರು. ಕನ್ನಡಿ ಇತ್ತು. ಆದರೂ ಗಾಜಿನಲ್ಲೇ. "ಕನ್ನಡಿ ಭಾಳ ಖರೇ ಹೇಳತೈತಿ" ಎನ್ನುತ್ತಿದ್ದರು. ಒಂದೊಂದು ಹುಬ್ಬಿಗೆ ಒಂದೇ ಎಳೆತ. ಬೇಸಿಗೆಯಲ್ಲಿ ಬೆವರು ಒರೆಸಿಕೊಳ್ಳುವುದನ್ನು ನೋಡಬೇಕಿತ್ತು. ಟಾವೆಲನ್ನು ಹಣೆಗೆ ಒತ್ತಿ ತೆಗೆಯುತ್ತಿದ್ದರು, ಒರೆಸುತ್ತಿರಲಿಲ್ಲ. ತಲೆಯ ಮೇಲೆ ಬಿಳಿ ಟೋಪಿ ಯಾವಾಗಲೂ ಇರುತ್ತಿತ್ತು. ನಮ್ಮ ಕಡೆ ಹಿರಿಯರೆಲ್ಲ ಹಾಕುವ ಟೋಪಿಯೇ. ಅವರ ವಯಸ್ಸಿನವರು ಯಾರೂ ಹಾಕುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಇನ್ನು ಡಿಸ್ಕಿನ ವಿಷಯ. ರಿಪೇರಿಯಾದ ಪ್ರತಿ ಟೀವಿಯನ್ನೂ ಕಾಕಾ ಒಂದೇ ಸೀಡಿ ಡಿಸ್ಕ್ ಹಾಕಿ ಪರೀಕ್ಷಿಸುತ್ತಿದ್ದರು. ಅದರಲ್ಲಿದ್ದದ್ದು ಅವರ ಬಾಲ್ಯದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ಒಂದು ಹಿಂದಿ ಹಾಸ್ಯ ಧಾರಾವಾಹಿಯ ಒಂದೇ ಒಂದು ಕಂತು. ಬೋಳುತಲೆಯ ಒಬ್ಬ ಕಾರಕೂನನಿಗೆ ಹೆಣ್ಣು ಸಿಗುವುದಿಲ್ಲ. ಅವನು ದಟ್ಟ ಕೂದಲಿನ ವಿಗ್ಗು, ಅಂಟು ಮೀಸೆ ಹಚ್ಚಿಕೊಂಡು, ತಾನು ಆ ಕಾರಕೂನನ ಪರದೇಶದಿಂದ ಬಂದ ತಮ್ಮ ಎಂದು ಹೇಳಿಕೊಂಡು ಹುಡುಗಿಯನ್ನು ಹೋಟೆಲಿಗೆ ಕರೆಯುತ್ತಾನೆ. ಮೀಸೆ ಕಳಚಿ ಚಹಾದೊಳಗೆ ಬೀಳುತ್ತದೆ. ಅವನು ಅದನ್ನೂ ಕುಡಿದುಬಿಡುತ್ತಾನೆ. ಪ್ರತಿ ಮಾತಿಗೂ ಹಿಂದಿನಿಂದ ಕಾಣದ ಜನರ ನಗು. ಹುಡುಗಿಯ ಕೆಂಪು ಸೀರೆಯಿಂದ ಬಣ್ಣ ಸರಿಪಡಿಸುವುದು, ವಿಗ್ಗಿನಿಂದ ಕಪ್ಪು ಅಳೆಯುವುದು, ಆ ನಗುವಿನಿಂದ ಸ್ಪೀಕರ್. "ಮೀಸಿ ಚಾದಾಗ ಬಿದ್ದಾಗ ನಗೂ ಒಡೀಲಿಲ್ಲಂದ್ರ ಸ್ಪೀಕರ್ ಚಲೋ ಐತಿ. ಒಯ್ರಿ ಮನಿಗೆ."

ಹೀಗೆ ಹಿಂದಿ ಬಾರದ ಮುದುಕಿಯರಿಗೂ ಆ ಕಂತು ಬಾಯಿಪಾಠ. ತಗಡಿನ ಗೋಡೆಯ ಈಚೆ ನನಗೆ ಬೇಡವೆಂದರೂ ಕೇಳುತ್ತಿತ್ತು. ಆದರೆ ಡಿಸ್ಕು ಪೂರ್ತಿ ಓಡುತ್ತಿರಲಿಲ್ಲ. ಹೋಟೆಲಿನ ಫ್ಯಾನು ತಿರುಗಲು ಶುರುವಾಗಿ, ಗಾಳಿಗೆ ವಿಗ್ಗು ಎದ್ದು, ಕಾರಕೂನ ಎರಡೂ ಕೈ ತಲೆಗೆ ಒಯ್ಯುವಷ್ಟರಲ್ಲಿ ಚಿತ್ರ ನಿಂತುಬಿಡುತ್ತಿತ್ತು. ಒಮ್ಮೆ ನಾನು ಡಿಸ್ಕ್ ಒರೆಸಿ ಹಾಕಿ ಎಂದೆ. ಕಾಕಾ ನಕ್ಕರು. "ಡಿಸ್ಕ್ ಒಳಗಿಂದ ಹೊರಗ ಓದತೈತಿ, ಬಾಯಿ. ಮೊದಲನೇ ಮಾತ ನಡುವ, ಕಡೀ ಮಾತ ಅಂಚಿನ್ಯಾಗ. ಅಂಚಿಗೆ ಗೀರ ಬಿದ್ದೈತಿ. ಒರಸಿದರ ಹೋಗೂದಲ್ಲ."

ಮುಂದೇನಾಯಿತು ಎಂದು ಗಿರಾಕಿಗಳು ಕೇಳಿದರೆ ಅವರೇ ನಿಂತು ಮಾಡಿ ತೋರಿಸುತ್ತಿದ್ದರು. ವಿಗ್ಗು ಹಾರಿಹೋಗುತ್ತದೆ. ಎಲ್ಲರೂ ಸುಮ್ಮನಾಗುತ್ತಾರೆ. ಹುಡುಗಿ ಎದ್ದು ಬಂದು, ಬೋಳುತಲೆಯ ಮೇಲೆ ಕೈಯಿಟ್ಟು, "ನನಗ ಮೊದಲನೇ ದಿನಾನ ಗೊತ್ತಿತ್ತು" ಎನ್ನುತ್ತಾಳೆ. ಮದುವೆಯಾಗುತ್ತದೆ. ಹುಡುಗಿಯ ಮಾತು ಹೇಳುವಾಗ ಕಾಕಾ ದನಿ ತೆಳ್ಳಗೆ ಮಾಡುತ್ತಿರಲಿಲ್ಲ. ಉಳಿದ ಎಲ್ಲರ ದನಿಯನ್ನೂ ಅಣಕಿಸುತ್ತಿದ್ದರು, ಆ ಒಂದನ್ನು ಬಿಟ್ಟು.

ಅವರು ಹೆಣ್ಣು ನೋಡಲು ಹೋದ ಮನೆಗಳು ನನ್ನ ಡೈರಿಯಲ್ಲಿ ಗೀಟು ಗೀಟಾಗಿ ಇವೆ. ಹನ್ನೊಂದು. ಆ ಹನ್ನೊಂದರಲ್ಲೂ ಕಾಕಾ ಏನನ್ನೂ ಮುಚ್ಚಿಟ್ಟವರಲ್ಲ. ಪೋಹೆ ತಿಂದು, ಚಹಾ ಕುಡಿದು, ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು, "ಹಿಂಗೈತ್ರಿ ನೋಡ್ರಿ" ಎನ್ನುತ್ತಿದ್ದರು. "ಚಾ ಆದ ಮ್ಯಾಲ ತಗೀಬೇಕ. ಮೊದಲಾ ತಗದರ ಚಾನೂ ಸಿಗೂದಿಲ್ಲ" ಎಂದು ಮರುದಿನ ಅಂಗಡಿಯಲ್ಲಿ ನಗಿಸುತ್ತಿದ್ದರು. ಒಂದು ಮನೆಯವರು ಹುಡುಗಿ ಇನ್ನೂ ಸಾಲಿ ಕಲಿಯುತ್ತಾಳೆ ಎಂದರು. ಇನ್ನೊಂದು ಮನೆಯವರಿಗೆ ಜಾತಕದ ಗುಣ ಕೂಡಲಿಲ್ಲ. ಒಂದು ಮನೆಯಲ್ಲಿ ಮುದುಕಿಯೊಬ್ಬಳು ಹತ್ತಿರ ಬಂದು, "ತಮ್ಮಾ, ಹುಬ್ಬರ ಖರೇವ ಏನು?" ಎಂದಳಂತೆ. ಅಲ್ಲವೆಂದರು. "ಹಂಗಾರ ಒರಸು, ನೋಡೂಣು" ಎಂದಳಂತೆ. ಎಲ್ಲರೆದುರು ಟಾವೆಲಿನಿಂದ ಒರೆಸಿಕೊಂಡರಂತೆ. ಅದನ್ನೂ ಕಾಕಾ ಮುದುಕಿಯ ದನಿಯಲ್ಲೇ ಹೇಳಿ ನಗಿಸಿದರು. ನಕ್ಕವರು ಹೋದ ಮೇಲೆ, ರಿಪೇರಿಗೆ ಒಂದೂ ಟೀವಿ ಇಲ್ಲದಿದ್ದರೂ, ಡಿಸ್ಕಿನ ಸದ್ದು ಕೇಳುತ್ತಿತ್ತು.

ಬೆಳುಂಕಿಯ ಸುರೇಖಾ ಬಂದದ್ದು ಒಂದು ಬುಧವಾರ, ಮಂದಿ ತುಂಬಿಕೊಂಡು ಓಡುವ ವಡಾಪ್ ಜೀಪಿನಲ್ಲಿ, ಗೋಣಿಚೀಲದಲ್ಲಿ ಸುತ್ತಿದ ಟೀವಿ ಹಿಡಿದುಕೊಂಡು. ಗಂಡನನ್ನು ಬಿಟ್ಟು ಸೋದರಮಾವನ ಮನೆಯಲ್ಲಿದ್ದವಳು. ಮಾವನ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ರೆಪ್ಪೆಯ ಮೇಲೆಲ್ಲ ಹಿಟ್ಟಿನ ಧೂಳು. ಟೀವಿ ಸರಿಯಾಗುವವರೆಗೂ ಅಂಗಡಿಯ ಮುಂದೆ ಕುಳಿತಳು. ಡಿಸ್ಕು ಓಡಿತು, ನಿಂತಿತು.

"ಮುಂದ ಏನಾತ್ರಿ?"

ಕಾಕಾ ಮಾಡಿ ತೋರಿಸಿದರು. ಎಲ್ಲರೂ ನಗುವ ಕಡೆ ಆಕೆ ನಗಲಿಲ್ಲ.

"ಹಂಗ ಆಗೂದಿಲ್ರಿ. ಸುಳ್ಳ ಹೇಳಿ ಬಂದವನ್ನ ಯಾರ ಮದಿವಿ ಆಗತಾರ?"

"ಟೀವಿಯೊಳಗ ಆಗತಾರ್ರಿ" ಎಂದರು ಕಾಕಾ.

ಅದಕ್ಕೆ ನಕ್ಕಳು. ಆಮೇಲೆ ತಾನಾಗಿಯೇ ಹೇಳಿದಳು: ಅವಳ ಗಂಡನಿಗೆ ಮೊದಲೇ ಒಂದು ಸಂಸಾರ ಇತ್ತು, ಅದನ್ನು ಮುಚ್ಚಿಟ್ಟು ಇವಳನ್ನು ಕಟ್ಟಿಕೊಂಡಿದ್ದ, ಗೊತ್ತಾದ ದಿನವೇ ಇವಳು ಚೀಲ ಹಿಡಿದು ಹೊರಬಿದ್ದಳು. ಇದನ್ನು ಪರಿಚಯವೇ ಇಲ್ಲದ ರಿಪೇರಿಯವನ ಮುಂದೆ, ಗೋಡೆಯಾಚೆ ನಾನಿರುವುದೂ ಗೊತ್ತಿದ್ದು, ಗಿರಣಿಯ ದರ ಹೇಳುವಷ್ಟು ಸಲೀಸಾಗಿ ಹೇಳಿದಳು.

ಆಮೇಲೆ ಫೋನು. ಮಧ್ಯಾಹ್ನ ಕರೆಂಟ್ ಹೋದಾಗ ಇವರ ಕೆಲಸವೂ ನಿಲ್ಲುತ್ತಿತ್ತು, ಅವಳ ಗಿರಣಿಯೂ ನಿಲ್ಲುತ್ತಿತ್ತು. ಕಾಕಾ ಬೇವಿನ ಗಿಡದ ಕೆಳಗೆ ಹೋಗಿ ನಿಲ್ಲುತ್ತಿದ್ದರು. ಕರೆಂಟ್ ಬಂದರೆ ಅವರ ಮುಖ ಸಪ್ಪಗಾಗುತ್ತಿತ್ತು. ಲೈಟು ಬಂದದ್ದಕ್ಕೆ ಬೈಯುವ ಟೀವಿಯವರನ್ನು ನಾನು ನೋಡಿದ್ದು ಅವರೊಬ್ಬರನ್ನೇ.

ಆ ಸಲ ಮಾವಿನ ಕಾಯಿ ಬರುವ ಹೊತ್ತಿಗೆ ಬೆಳುಂಕಿಯಿಂದ ಕರೆ ಬಂತು. ಬಂದು ನೋಡಿಕೊಂಡು ಹೋಗಲಿ, ಹಿರಿಯರು ಮಾತಾಡಲಿ ಎಂದು.

"ಟೋಪಿ ಕೆಳಗಿಂದು ಹೇಳೀರೇನು ಕಾಕಾ?"

"ಹೇಳತೀನಿ."

"ಯಾವಾಗ?"

ಅವರು ಸೋಲ್ಡರಿಂಗ್ ಕಡ್ಡಿಯ ತುದಿ ನೋಡುತ್ತ ಕುಳಿತರು. "ಹನ್ನೊಂದ ಮನ್ಯಾಗ ಖರೇ ಹೇಳೀನಿ, ಡೈರಿ ಬಾಯಿ. ನಿನ್ನ ಡೈರಿನ ತಗದ ನೋಡು. ಏನ ಸಿಕ್ತು? ಮದಿವಿ ಆಗಲಿ. ಆಮ್ಯಾಲ ನಾನ ಹೇಳತೀನಿ."

"ಆಕಿ ತನ್ನದು ಮೊದಲನೇ ದಿನಾನ ಹೇಳಿದಳು."

"ಆಕೀದು ಹೇಳೂವಂಥಾದ್ದ ಐತಿ" ಎಂದರು.

ವಿಗ್ಗಿನ ಯೋಚನೆ ಕಾಕಾನ ಅಣ್ಣನದು. ಕಿವಿಯ ಹತ್ತಿರ, ಹಿಂದೆ ಕುತ್ತಿಗೆಯ ಹತ್ತಿರ ನಾಲ್ಕು ಕೂದಲು ಕಾಣಲಿ, ಮೇಲೆ ಹೇಗೂ ಟೋಪಿ ಇರುತ್ತದೆ ಎಂದು. ಸಾಂಗ್ಲಿಯಿಂದ ತರಿಸಿದರು. ಅವರ ತಾಯಿ ಇಲ್ಲದ್ದರಿಂದ ಹೆಂಗಸರ ಪರವಾಗಿ ನನ್ನ ಅವ್ವನೂ ನಾನೂ ಹೊರಟೆವು. ಜೀಪಿನ ಕಿಟಕಿಯಿಂದ ಗಾಳಿ ಬಂದಾಗಲೆಲ್ಲ ಕಾಕಾ ಎರಡೂ ಕೈ ತಲೆಗೆ ಒಯ್ಯುತ್ತಿದ್ದರು. ಡಿಸ್ಕು ನಿಲ್ಲುವ ಜಾಗದ ಕಾರಕೂನನ ಹಾಗೆಯೇ. ನನಗೆ ನಗು ಬಂತು. ಅವ್ವ ತೊಡೆ ಚಿವುಟಿದಳು.

ಬೆಳುಂಕಿಯ ಮನೆಯ ಪಡಸಾಲೆಯಲ್ಲಿ ಗಂಡಸರು ಜಮಖಾನೆಯ ಮೇಲೆ ಕುಳಿತರು. ನಾನು ಅಡುಗೆಮನೆಯಲ್ಲಿ ಸುರೇಖಾಳ ಹತ್ತಿರ ನಿಂತೆ. ಮಾತುಕತೆ ಎಲ್ಲೂ ತೊಡಕಲಿಲ್ಲ. ಸೋದರಮಾವ ಗಟ್ಟಿ ದನಿಯ ಮನುಷ್ಯ. "ಹುಡುಗಿ ಹೂಂ ಅಂದಾಳ. ನಮಗೇನೂ ಆಸೆ ಇಲ್ರಿ. ಮನಷ್ಯಾ ಚಲೋ ಇದ್ದರ ಮುಗೀತು" ಎಂದ. ಅಣ್ಣ ನಮ್ಮ ಕಡೆ ನೋಡಿ ಕಣ್ಣಿನಲ್ಲೇ ನಕ್ಕ. ಸಕ್ಕರೆ ಹಂಚಿದರು.

ಆಗ ಮಾವ ಒಳಗೆ ಕೂಗಿದ. "ಟಾವೆಲ್, ಟೋಪಿ ತರ್ರಿ. ಪಾವಣೇರ್ನ ಹಂಗ ಕಳಸಾಕ ಆಗತೈತೇನು?"

ನಮ್ಮಲ್ಲಿ ಸಂಬಂಧ ಕೂಡಿದರೆ ಬಂದ ಬೀಗರಿಗೆ ಹೆಗಲ ಮೇಲೆ ಟಾವೆಲ್ ಹೊದಿಸಿ, ತಲೆಗೆ ಹೊಸ ಟೋಪಿ ಇಡುತ್ತಾರೆ. ಬರಿದಲೆಯ ಮೇಲಾದರೆ ಹಾಗೇ ಇಡುತ್ತಾರೆ. ಹಳೆಯ ಟೋಪಿ ಇದ್ದರೆ ತಾವೇ ತೆಗೆದು ಹೊಸದನ್ನು ಇಡುತ್ತಾರೆ. ಅದು ಮರ್ಯಾದೆ. ಅಣ್ಣನಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಯಾರಿಗೂ ಹೊಳೆದಿರಲಿಲ್ಲ. ಆ ಮರ್ಯಾದೆ ಹೂಂ ಎಂದ ಮನೆಯಲ್ಲಿ ಮಾತ್ರ ಸಿಗುವಂಥದ್ದು. ಹನ್ನೊಂದು ಮನೆ ತಿರುಗಿದ ಕಾಕಾ ಒಮ್ಮೆಯೂ ಅಲ್ಲಿಯವರೆಗೆ ಮುಟ್ಟಿರಲಿಲ್ಲ.

ಮಾವ ಮೊದಲು ಅಳಿಯನಿಂದಲೇ ಶುರುಮಾಡಿದ. ಟಾವೆಲ್ ಹೊದಿಸಿದ. ಎಡಗೈಯಲ್ಲಿ ಹೊಸ ಟೋಪಿ, ಬಲಗೈಯಿಂದ ಹಳೆಯದನ್ನು ಎತ್ತಿದ. ಟೋಪಿಯ ಸಂಗಡ ಕೂದಲೂ ಎದ್ದು ಬಂತು. ಗೂಡಿನ ಹಾಗೆ ಅವನ ಕೈಯಲ್ಲಿ ಕುಳಿತಿತ್ತು. ಕಾಕಾನ ತಲೆ ಟ್ಯೂಬ್‌ಲೈಟಿನ ಕೆಳಗೆ ಹೊಳೆಯಿತು.

ಯಾರೋ ಒಬ್ಬರು ಫಕ್ಕನೆ ನಕ್ಕರು. ಇನ್ನೊಬ್ಬರು. ಆಮೇಲೆ ತಡೆಯಲಾಗದೆ ಬಾಗಿಲ ಹೊರಗೆ ನಿಂತಿದ್ದವರೆಲ್ಲ. ಆ ನಗು ಎಲ್ಲಿಂದ ಬರುತ್ತಿದೆ ಎಂದು ತಿಳಿಯದ ಹಾಗೆ ಕಾಕಾ ಸುತ್ತ ನೋಡಿದರು.

ಮಾವ ನಗಲಿಲ್ಲ. "ಹೇ ಕಾಯ್?" ಇದೇನು ಎಂದ ಮರಾಠಿಯಲ್ಲಿ, ಮೆಲ್ಲಗೆ. ನಂತರ ಕನ್ನಡಕ್ಕೆ ಬಂದ. "ನನ್ನ ಸೊಸಿನ ಒಮ್ಮಿ ಒಬ್ಬಾಂವ ಮೋಸಾ ಮಾಡಿ ಫಸವಿದ್ದ ಸಾಲಲಿಲ್ಲೇನ್ರಿ ನಿಮಗ? ನಾಟಕಾ ಮಾಡಾಕ ನಮ್ಮ ಮನೀನ ಸಿಕ್ಕಿತ್ತೇನು?"

ಅಣ್ಣ ಏನೋ ಹೇಳಲು ಎದ್ದ. ಕಾಕಾ ತಲೆ ಮುಚ್ಚಿಕೊಳ್ಳಲಿಲ್ಲ. ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕುಳಿತರು. ಅವರು ಯಾವುದಕ್ಕೆ ಕಾಯುತ್ತಿದ್ದಾರೆ ಎಂದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಸುರೇಖಾಳ ಕಡೆ ತಿರುಗಿದೆ.

ಅವಳು ಕೈಯಲ್ಲಿದ್ದ ಪೋಹೆಯ ತಾಟನ್ನು ಕಟ್ಟೆಯ ಮೇಲಿಟ್ಟಳು. "ಮೊದಲನೇ ದಿನಾನ ಗೊತ್ತಿತ್ತು ನನಗ" ಎಂದಳು. "ಹುಬ್ಬ ತೀಡಿದ್ದ ಕಾಣೂದಿಲ್ಲೇನು? ಹುಬ್ಬ ಇಲ್ಲದಾವಗ ಕೂದಲಾ ಎಲ್ಲಿಂದ ಇರತಾವು? ದಿನಾ ಫೋನಿನ್ಯಾಗ ಕೇಳಿದೆ, ಏನರ ಹೇಳೂದ ಉಳದೈತೇನು ಅಂತ. ಏನೂ ಇಲ್ಲ, ಏನೂ ಇಲ್ಲ."

"ಅಕ್ಕಾ, ಹೊರಗ ಬಂದ ಅಷ್ಟ ಹೇಳ್ರಿ."

"ಬೋಳತಲೀಲೆ ಬಂದಿದ್ದರ ಬರತಿದ್ದೆ." ಸೆರಗಿಗೆ ಕೈ ಒರೆಸಿಕೊಂಡು ಹಿತ್ತಲಿಗೆ ಹೋದಳು.

ಮರಳುವಾಗ ಜೀಪಿನಲ್ಲಿ ಕಾಕಾನ ತಲೆಯ ಮೇಲೆ ಹೊಸ ಟೋಪಿಯೂ ಇರಲಿಲ್ಲ, ಹಳೆಯದೂ ಇರಲಿಲ್ಲ. ವಿಗ್ಗು ಅಣ್ಣನ ಚೀಲದಲ್ಲಿತ್ತು. ಊರ ದಾರಿ ಒಡೆಯುವ ಬಾಲಗಾಂವದ ಫಾಟಾದಲ್ಲಿ ಇಳಿದ ಮೇಲೆ ಕಾಕಾ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು. "ಆಕಿ ಒಳಗ ಏನಂದಳು?"

"ಗೊತ್ತಿತ್ತಂತ."

"ಯಾವಾಗಿಂದ?"

ಮೊದಲನೇ ದಿನದಿಂದ ಎಂದೆ. ಉಳಿದದ್ದನ್ನೂ ಹೇಳಿದೆ. "ಮಾತ ಅದ ಐತಿ ನೋಡು" ಎಂದರು. "ಬರೋಬ್ಬರಿ ಅದ."

ಮರುದಿನದಿಂದ ಡಿಸ್ಕಿನ ಸದ್ದು ನಿಂತಿತು. ಟೀವಿ ಪರೀಕ್ಷಿಸಲು ಯಾವುದೋ ಸುದ್ದಿ ವಾಹಿನಿ ಹಚ್ಚುತ್ತಿದ್ದರು. ಬರುವ ಟೀವಿಗಳೂ ಕಡಿಮೆಯಾಗಿದ್ದವು, ಎಲ್ಲರ ಮನೆಗೂ ಗೋಡೆಗೆ ಹಚ್ಚುವ ಟೀವಿ ಬಂದಿತ್ತು. ಮಧ್ಯಾಹ್ನ ಕರೆಂಟ್ ಹೋದರೆ ಬೇವಿನ ಗಿಡದ ಕಡೆ ಹೋಗದೆ ಶಟರನ್ನು ಅರ್ಧ ಎಳೆದು ಒಳಗೇ ಕೂರುತ್ತಿದ್ದರು. ಬೆಳುಂಕಿಯ ಸುದ್ದಿ ಅವರಿಗಿಂತ ಮೊದಲೇ ಬಾಲಗಾಂವ ಮುಟ್ಟಿತ್ತು. ಸಂತೆಯ ದಿನ ಹುಡುಗರು ಅಂಗಡಿಯ ಮುಂದೆ ಟೋಪಿ ಎತ್ತುವ ಆಟ ಆಡಿದರು. ಅಣಕದ ದನಿ ತೆಗೆದು ಎಲ್ಲರನ್ನೂ ನಗಿಸುತ್ತಿದ್ದ ಕಾಕಾ ಹೊರಗೆ ಬಂದು ನೋಡಿ ಒಳಗೆ ಹೋದರು. ನಾನು ಗೋಡೆ ತಟ್ಟಿ "ಕಾಕಾ, ಇವತ್ತ ಸೀನಲಿಲ್ಲಲ್ಲ" ಎಂದರೆ, "ಬರಕೋ" ಎನ್ನುತ್ತಿದ್ದರು, ಅಷ್ಟೇ. ಹುಬ್ಬು ಮಾತ್ರ ತಪ್ಪಿಸಲಿಲ್ಲ. ಯಾರೂ ಬಾರದ ದಿನವೂ ತೀಡಿಕೊಳ್ಳುತ್ತಿದ್ದರು. ಸತ್ತ ದಿನವೂ ತೀಡಿಕೊಂಡಿದ್ದರು.

ಮಣ್ಣಿಗೆ ಒಯ್ಯುವ ಮೊದಲು ಸುರೇಖಾ ಬಂದಳು. ಯಾರು ಹೇಳಿ ಕಳಿಸಿದರೋ ತಿಳಿಯದು. ಗಿರಣಿಯಿಂದ ಹಾಗೇ ಬಂದಿದ್ದಳು, ತೋಳಿನ ಮೇಲೆಲ್ಲ ಹಿಟ್ಟು. ಹೆಂಗಸರು ದಾರಿ ಬಿಟ್ಟರು. ಎದುರಿಗೆ ನಿಂತು ಮುಖ ನೋಡಿದಳು.

"ಇದ್ಯಾರ ತೀಡಿದ್ದು?"

"ನಾನ್ರಿ."

"ಈಗ ಯಾರ ನೋಡೂದಿತ್ತು?"

ಅಳಲಿಲ್ಲ. ಕಾಲು ಮುಟ್ಟಿ ನಮಸ್ಕರಿಸಿ, ಬಂದ ಜೀಪಿನಲ್ಲೇ ಹಿಂದಿರುಗಿದಳು.

ಮುಂದಿನ ವಾರ ಅಣ್ಣ ಅಂಗಡಿ ಖಾಲಿ ಮಾಡಲು ಬಂದ. ಟೀವಿಯ ಡಬ್ಬಿಗಳನ್ನೆಲ್ಲ ಗುಜರಿಯವನು ಹೊತ್ತೊಯ್ದ. ನಾನು ಆ ಡಿಸ್ಕನ್ನು ಕೇಳಿ ಇಸಕೊಂಡೆ. ಆ ಕಂತಿನ ಕೊನೆ ನಾನು ಯಾವತ್ತೂ ನೋಡಿರಲಿಲ್ಲ. ನೋಡಿದ ನೆನಪು ಊರಲ್ಲಿ ಯಾರಿಗೂ ಇರಲಿಲ್ಲ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮೊಬೈಲಿನಲ್ಲಿ ಹುಡುಕಿದೆ. ಯಾರೋ ಹಳೆಯ ಧಾರಾವಾಹಿಯ ಎಲ್ಲ ಕಂತುಗಳನ್ನೂ ಹಾಕಿಟ್ಟಿದ್ದರು.

ಫ್ಯಾನು ತಿರುಗಿತು. ವಿಗ್ಗು ಹಾರಿತು. ಕೆಂಪು ಸೀರೆಯ ಹುಡುಗಿ ಎದ್ದಳು. ಕಾರಕೂನನ ತಲೆಯನ್ನೊಮ್ಮೆ ನೋಡಿ, ಕೈಚೀಲ ತೆಗೆದುಕೊಂಡು, ಒಂದೂ ಮಾತಿಲ್ಲದೆ ಹೊರಟುಹೋದಳು. ಅವನು ವಿಗ್ಗನ್ನು ಎತ್ತಿ ಅವಳ ಖಾಲಿ ಕುರ್ಚಿಯ ಮೇಲಿಟ್ಟು, ಅದಕ್ಕೊಂದು ಚಹಾ ಹೇಳಿದ. ಜನ ನಕ್ಕರು. ಹೆಸರುಗಳು ಮೇಲಕ್ಕೆ ಸರಿಯಲು ಶುರುವಾದವು. ನಗು ಅವುಗಳ ಹಿಂದೆಯೂ ಬಹಳ ಹೊತ್ತು ಇತ್ತು.

ನಾನು ಡಿಸ್ಕನ್ನು ಕಿಟಕಿಯ ಬೆಳಕಿಗೆ ಹಿಡಿದೆ. ನಡುವೆ ಎಲ್ಲ ಸ್ವಚ್ಛ. ಅಷ್ಟು ವರ್ಷ ದಿನಾ ಓಡಿದ್ದರೂ ಒಂದು ಕಲೆಯಿಲ್ಲ. ಅಂಚಿನಲ್ಲಿ ಮಾತ್ರ ಗೀರು. ಬಿದ್ದು ಆದದ್ದಲ್ಲ, ಉಜ್ಜಿ ಆದದ್ದಲ್ಲ. ಸ್ಕ್ರೂಡ್ರೈವರಿನ ತುದಿಯಿಂದ, ಡಿಸ್ಕಿನ ಬಾಗಿಗೆ ತಕ್ಕಂತೆ ಬಾಗಿಸಿ, ಎಲ್ಲೂ ನಡುಗದೆ, ಒಂದೇ ಎಳೆತದಲ್ಲಿ ಎಳೆದ ಗೆರೆ. ಆ ಎಳೆತ ನನಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಶಟರ್ ಎತ್ತುವ ಮೊದಲು, ಕಪ್ಪು ಗಾಜಿನ ಮುಂದೆ, ಹುಬ್ಬು ತೀಡುತ್ತಿದ್ದ ಕೈ ಅದು.